ಮರಳುಗಾಡಿಗೆ ಯಾವ ಬಣ್ಣದ ಬ್ಯಾಗು?

ಪ್ರಶ್ನೆ: ನಾವು ದೋಹಾದಲ್ಲಿದ್ದೇವೆ. ಚಳಿಗಾಲದಲ್ಲಿ ಮಕ್ಕಳೊಂದಿಗೆ ಸೀಲೈನ್, ಖೋರ್ ಅಲ್ ಉದೈದ್ ಮರಳುದಿಬ್ಬಗಳ ಕಡೆ ಹೋಗುತ್ತೇವೆ. ಬೇಟೆಗಾರರ ಕಿತ್ತಳೆ ಬಣ್ಣದ ಬ್ಯಾಗು ಇಲ್ಲಿಗೂ ಸರಿಯೇ?

ಉತ್ತರ: ಕಾಡಿನಲ್ಲಿ ಕಿತ್ತಳೆಗೆ ಕಾರಣವಿದೆ. ಜಿಂಕೆಯ ಕಣ್ಣಿಗೆ ಕಿತ್ತಳೆಗೂ ಹಸಿರಿಗೂ ಹೆಚ್ಚು ವ್ಯತ್ಯಾಸ ತಿಳಿಯದು. ಬಂದೂಕು ಹಿಡಿದ ಜೊತೆಗಾರನಿಗೆ ಮಾತ್ರ ಅದು ಎದ್ದು ಕಾಣುತ್ತದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಅದು ಕಡ್ಡಾಯ. ಕತಾರ್‌ನ ಸಾಂಪ್ರದಾಯಿಕ ಬೇಟೆಯಾದರೋ ಗಿಡುಗವನ್ನು ಬಿಟ್ಟು ಆಡುವಂಥದ್ದು. ಸೀಲೈನಿನ ಮರ್ಮಿ ಉತ್ಸವದಲ್ಲಿ ಅದನ್ನು ನೋಡಬಹುದು. ಹಕ್ಕಿಗಳು ಬಣ್ಣವನ್ನು ನಮಗಿಂತ ಚೆನ್ನಾಗಿ ಗುರುತಿಸುತ್ತವೆ, ಹಾಗಾಗಿ ಜಿಂಕೆಯ ಲೆಕ್ಕ ಅಲ್ಲಿ ನಡೆಯದು.

ನಿಮ್ಮ ನಿಜವಾದ ಅಪಾಯ ಗಾಡಿಗಳದ್ದು. ಮರಳುದಿಬ್ಬ ಹತ್ತುವಾಗ ಚಾಲಕನಿಗೆ ಬಾನೆಟ್ಟಿನಾಚೆ ಬರೀ ಆಕಾಶ ಕಾಣುತ್ತದೆ. ನೆತ್ತಿ ದಾಟಿದ ಮೇಲೆಯೇ ಆಚೆ ಬದಿಯಲ್ಲಿರುವವರು ಕಾಣುವುದು, ಹಾಗಾಗಿ ತಟ್ಟನೆ ಕಣ್ಣಿಗೆ ಬೀಳುವ ಬಣ್ಣ ಬೇಕು. ಇಳಿಹೊತ್ತಿನಲ್ಲಿ ಮರಳೇ ಕೆಂಪೇರುವುದರಿಂದ ಕಿತ್ತಳೆ ಅದರೊಳಗೆ ಬೆರೆತುಹೋಗಬಹುದು. ನನ್ನ ಆಯ್ಕೆ ಹಸಿರು ಮಿಶ್ರಿತ ಫ್ಲೋರೊಸೆಂಟ್ ಹಳದಿ. ಹಗಲಿನಲ್ಲಿ ನಮ್ಮ ಕಣ್ಣು ಅತಿ ಚುರುಕಾಗಿ ಗ್ರಹಿಸುವುದು 555 ನ್ಯಾನೋಮೀಟರಿನ ಆಸುಪಾಸಿನ ಈ ಬಣ್ಣವನ್ನೇ. ಜೊತೆಗೆ ಆ ಬಣ್ಣದ ಬಟ್ಟೆ ಬಿಸಿಲಿನ ಅತಿನೇರಳೆ ಕಿರಣವನ್ನೂ ಹೀರಿ ಕಾಣುವ ಬೆಳಕಾಗಿಸುತ್ತದೆ.

ಕತ್ತಲಾದರೆ ಈ ಗುಣ ಕೆಲಸಕ್ಕೆ ಬಾರದು. ಹೆಡ್‌ಲೈಟಿಗೆ ಹೊಳೆಯುವ ಪಟ್ಟಿ ಬೇಕು, ಅದೂ ಹೆಗಲ ಪಟ್ಟಿಯ ಮೇಲೆ. ಬೆನ್ನಿನ ಬ್ಯಾಗು ಎದುರಿನಿಂದ ಬರುವವನಿಗೆ ಕಾಣುವುದಿಲ್ಲವಲ್ಲ. ಫ್ಲೋರೊಸೆಂಟ್ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ಮಾಸಿದ್ದನ್ನು ಬದಲಿಸಿ. ಮಕ್ಕಳಿಗಂತೂ ಬ್ಯಾಗಿನ ಜೊತೆ ಅದೇ ಬಣ್ಣದ ಜಾಕೆಟ್ಟನ್ನೂ ತಪ್ಪದೆ ತೊಡಿಸಿ.