ದನದ ಹಿಂಡಿನಲ್ಲಿ ಅಂಟುಜಾಡ್ಯ: ಗ್ರಾಮಮುಖ್ಯಸ್ಥರು ಗಮನಿಸತಕ್ಕ ವಿಷಯಗಳು

ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯ ಸುತ್ತಲಿನ ಸೀಮೆಯಲ್ಲಿ ಮಳೆಯು ಅಲ್ಪ. ಬೇಸಾಯವು ಬಹುಮಟ್ಟಿಗೆ ಶೇಂಗಾ ಮುಂತಾದ ಬೆದ್ದಲು ಪೈರುಗಳದು. ಬೆಳೆಯು ಕೈಕೊಟ್ಟ ವರ್ಷದಲ್ಲಿಯೂ ಸಂಸಾರಕ್ಕೆ ಆಧಾರವಾಗಿರತಕ್ಕವು ದನಕರುಗಳೇ. ಚಳ್ಳಕೆರೆ ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಮ್ಯಾಸನಾಯಕರ ದೇವರ ಎತ್ತುಗಳ ಹಿಂಡುಗಳೂ ಇರುವುವು. ಕಿಲಾರಿಗಳು ಇವನ್ನು ಒಟ್ಟಾಗಿ ಮೇಯಿಸಿ, ಒಟ್ಟಾಗಿ ನೀರು ಕುಡಿಸಿ, ಒಂದೇ ಹಟ್ಟಿಯಲ್ಲಿ ಕೂಡುವರು. ಬರಗಾಲದ ಗೋಶಾಲೆಗಳಲ್ಲಿಯಾದರೋ ಅನೇಕ ಗ್ರಾಮಗಳ ರಾಸುಗಳು ಒಂದೆಡೆ ಸೇರುವುವು. ಹೀಗೆ ಕೂಡಿರುವ ಕಡೆ ಒಂದು ರಾಸಿಗೆ ತಗುಲಿದ ಅಂಟುಜಾಡ್ಯವು ಇಡೀ ಹಿಂಡನ್ನು ವ್ಯಾಪಿಸುವುದು ಸುಲಭ.

ಜಾಡ್ಯವು ಹರಡುವ ಬಗೆಯನ್ನು ತಿಳಿಯದೆ ತಡೆಯಲಾಗದು. ಕಾಲುಬಾಯಿ ಜ್ವರವು ಜೊಲ್ಲು, ಉಸಿರು, ಹಾಲು, ಮೇವಿನ ತೊಟ್ಟಿ, ಕಾಯುವವನ ಬಟ್ಟೆ ಇವುಗಳ ಮೂಲಕ ಹರಡುವುದು. ಬಾಯಲ್ಲಿ ಹುಣ್ಣು ಕಾಣುವುದಕ್ಕೆ ಮೊದಲೇ ರಾಸು ಸೋಂಕನ್ನು ಹೊರಸೂಸಬಲ್ಲುದು. ಚರ್ಮಗಂಟು ರೋಗವಾದರೋ ಮುಖ್ಯವಾಗಿ ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವುದು. ಇದು ನಮ್ಮ ದೇಶದಲ್ಲಿ 2019ರಲ್ಲಿ ಒಡಿಶಾದಲ್ಲಿ ಮೊದಲು ಕಾಣಿಸಿ, 2022ರಲ್ಲಿ ಅನೇಕ ರಾಜ್ಯಗಳಲ್ಲಿ ಬಹಳ ನಷ್ಟವನ್ನುಂಟುಮಾಡಿತು. ಆದಕಾರಣ ಮೊದಲನೆಯದಕ್ಕೆ ಪ್ರತ್ಯೇಕಿಸುವುದೂ ಶುಚಿತ್ವವೂ ಮುಖ್ಯ. ಎರಡನೆಯದಕ್ಕೆ ಇವುಗಳೊಡನೆ ಕೀಟಗಳ ನಿವಾರಣೆಯೂ ಆಗಬೇಕು.

ಜಾಡ್ಯದ ಸಂಶಯ ಬಂದೊಡನೆ ಮಾಡತಕ್ಕ ಕಾರ್ಯಗಳು ಹೀಗಿವೆ. ರೋಗದ ರಾಸನ್ನು ಬೇರೆ ಕಡೆ ಕಟ್ಟಿ, ಮೇವು ನೀರುಗಳನ್ನು ಅಲ್ಲಿಯೇ ಒದಗಿಸಬೇಕು. ಊರ ಕೆರೆಗೂ ಸಾಮಾನ್ಯ ತೊಟ್ಟಿಗೂ ಬಿಡಕೂಡದು. ಉಳಿದ ರಾಸುಗಳು ಆರೋಗ್ಯವಾಗಿ ಕಂಡರೂ ಅವನ್ನು ಸಂತೆಗೂ ಜಾತ್ರೆಗೂ ಹೊಡೆಯಕೂಡದು. ಆರೈಕೆಗೆ ಬೇರೆ ಆಳು ದೊರೆಯದಿದ್ದಲ್ಲಿ, ಮೊದಲು ಆರೋಗ್ಯದ ದನಗಳ ಕೆಲಸವನ್ನು ಮುಗಿಸಿ, ಕಡೆಯಲ್ಲಿ ರೋಗದ ದನಗಳ ಬಳಿಗೆ ಹೋಗತಕ್ಕದ್ದು. ಕಾಲುಬಾಯಿ ಜ್ವರವಿದ್ದ ಕಡೆ ತೊಟ್ಟಿ ಮತ್ತು ನೆಲವನ್ನು, ಒಂದು ಲೀಟರು ನೀರಿಗೆ 40 ಗ್ರಾಂ ಬಟ್ಟೆಸೋಡವನ್ನು ಕರಗಿಸಿ ತೊಳೆಯಬೇಕು. ಜ್ವರ ಬಂದ ಹಸುವಿನ ಹಾಲನ್ನು ಕಾಯಿಸದೆ ಕರುವಿಗೆ ಕೊಡಬಾರದು; ಏತಕ್ಕೆಂದರೆ ಈ ಸೋಂಕು ಎಳೆಗರುವಿನ ಹೃದಯಕ್ಕೆ ತಗುಲಿ ಹಠಾತ್ತಾಗಿ ಕೊಲ್ಲಬಹುದು. ಹೊಸದಾಗಿ ಕೊಂಡ ರಾಸನ್ನು ನಾಲ್ಕು ವಾರ ಬೇರೆಯಾಗಿಟ್ಟ ಮೇಲೆಯೇ ಹಿಂಡಿಗೆ ಸೇರಿಸುವುದು ಕ್ಷೇಮ.

ರಾಸು ಹಠಾತ್ತಾಗಿ ಸತ್ತು, ಮೂಗು ಗುದದ್ವಾರಗಳಿಂದ ಕಪ್ಪು ರಕ್ತ ಬಂದಿದ್ದರೆ ನೆರಡಿ ರೋಗವೆಂದು ಶಂಕಿಸತಕ್ಕದ್ದು. ಅಂತಹ ಹೆಣವನ್ನು ಕೊಯ್ಯಲೂ ಚರ್ಮ ಸುಲಿಯಲೂ ಕೂಡದು. ಗಾಳಿ ತಗುಲಿದರೆ ರೋಗಾಣುಗಳು ಬಹುಕಾಲ ಮಣ್ಣಿನಲ್ಲಿ ಬಾಳುವ ಬೀಜಗಳಾಗುವುವು. ಈ ರೋಗ ಮನುಷ್ಯರಿಗೂ ತಗುಲುವುದು. ವೈದ್ಯರ ಸಲಹೆಯಂತೆ ಆಳವಾಗಿ ಹೂಳಿಸಬೇಕು.

ರೋಗ ಬಂದ ಮೇಲಿನ ಚಿಕಿತ್ಸೆಗಿಂತ ಮುಂಚಿತವಾದ ಲಸಿಕೆಯೇ ಲೇಸು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಮೇರೆಗೆ ಕಾಲುಬಾಯಿ ಜ್ವರಕ್ಕೆ ಲಸಿಕೆಯನ್ನು ಉಚಿತವಾಗಿ ಹಾಕಲಾಗುತ್ತದೆ. ಗಳಲೆ, ಚಪ್ಪೆ ರೋಗಗಳಿಗೆ ಮಳೆಗಾಲಕ್ಕೆ ಮುಂಚೆ ಹಾಕಿಸಬೇಕು. ಲಸಿಕೆಯ ಬಲ ಮೈಗೂಡುವುದಕ್ಕೆ ಕೆಲವು ವಾರಗಳು ಬೇಕಾದುದರಿಂದ, ನೆರೆಯೂರಿಗೆ ಜಾಡ್ಯ ಬಂದ ಮೇಲೆ ಅವಸರಪಡುವುದರಿಂದ ಪೂರ್ಣ ಫಲವಿಲ್ಲ. ಕೆಲವರ ದನಗಳಿಗೆ ಹಾಕಿಸಿ ದೇವರ ಎತ್ತುಗಳನ್ನು ಬಿಟ್ಟರೆ, ಬಿಟ್ಟ ಹಿಂಡೇ ರೋಗದ ನೆಲೆಯಾಗುವುದು. ಕಿಲಾರಿಗಳನ್ನೂ ಹಿರಿಯರನ್ನೂ ಮೊದಲೇ ಒಡಂಬಡಿಸುವುದು ಮುಖ್ಯಸ್ಥರ ಕೆಲಸ.

ಬೆಲೆ ಕುಗ್ಗೀತೆಂದೋ ಹಾಲನ್ನು ಕೊಳ್ಳಲಾರರೆಂದೋ ಕೆಲವರು ರೋಗವನ್ನು ಮರೆಮಾಚುವರು. ಒಬ್ಬನು ಒಂದು ರಾಸಿನ ಬೆಲೆಯನ್ನು ಉಳಿಸಿಕೊಳ್ಳಹೋಗಿ ಊರಿನ ಉಳುಮೆಯೇ ನಿಲ್ಲುವ ಸಂಭವವುಂಟು. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಕಾಯಿದೆಯಂತೆ, ಅದರಲ್ಲಿ ಹೆಸರಿಸಿರುವ ರೋಗದ ಸಂಶಯ ಬಂದರೆ ಗ್ರಾಮಾಧಿಕಾರಿಗಾಗಲಿ ಪಂಚಾಯಿತಿಗಾಗಲಿ ತಿಳಿಸುವುದೂ, ರಾಸನ್ನು ಬೇರ್ಪಡಿಸುವುದೂ ಮಾಲೀಕನ ಕರ್ತವ್ಯ. ಮುಖ್ಯಸ್ಥರು ಅಂಥವನನ್ನು ಹಳಿಯದೆ, ಮೊದಲು ತಿಳಿಸಿದವನಿಗೆ ಮೊದಲು ನೆರವಾದರೆ ಯಾರೂ ಮುಚ್ಚಿಡರು.

ಹಿಂದೆ ಹಟ್ಟಿಗಳನ್ನೇ ಬರಿದುಮಾಡುತ್ತಿದ್ದ ದೊಡ್ಡರೋಗವು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಸಾರಲಾಯಿತು. ಲಸಿಕೆ, ವರದಿ, ದನಗಳ ಓಡಾಟದ ತಡೆ ಇವುಗಳಿಂದಲೇ ಇದು ಕೈಗೂಡಿತು. ಈ ಮೂರೂ ಈಗಲೂ ಪ್ರತಿ ಗ್ರಾಮದ ಕೈಯಲ್ಲಿಯೇ ಇರುವುವು.