ವಿಪತ್ತು: ಕಾನೂನಿನಲ್ಲಿ ಅದರ ಅರ್ಥವ್ಯಾಪ್ತಿ

ಸಂಸ್ಕೃತದ ‘ಪದ್’ ಧಾತುವಿನಿಂದ ಬಂದ ಆಪತ್ತು, ವಿಪತ್ತು ಎಂಬ ಪದಗಳು ಕನ್ನಡದಲ್ಲಿ ಬಹುಮಟ್ಟಿಗೆ ಸಮಾನಾರ್ಥಕಗಳು. ಸಾಹಿತ್ಯದಲ್ಲಿ ನೊಂದವರ ಅನುಭವವೇ ವಿಪತ್ತಿಗೆ ಪ್ರಮಾಣ. ಕಾನೂನಿನಲ್ಲಿ ಹಾಗಲ್ಲ, ಘಟನೆಗೆ ಆ ಹೆಸರು ಸಂದಾಗಲೇ ಆಡಳಿತಕ್ಕೆ ವಿಶೇಷ ಅಧಿಕಾರವೂ ಸಂತ್ರಸ್ತರಿಗೆ ಅದಕ್ಕೆ ಸಂಬಂಧಿಸಿದ ಪರಿಹಾರವೂ ಪ್ರಾಪ್ತವಾಗುತ್ತವೆ. ಮುಂಬಯಿಯ ಇತಿಹಾಸದಲ್ಲಿ ಈ ಭೇದವನ್ನು ಸ್ಪಷ್ಟವಾಗಿ ಕಾಣಬಹುದಾಗಿದೆ.

1896ರಲ್ಲಿ ನಗರದ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅದನ್ನು ಹತ್ತಿಕ್ಕಲು 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ನಾಲ್ಕೇ ಕಲಮುಗಳಿದ್ದ ಆ ಕಾಯಿದೆ ‘ಅಪಾಯಕಾರಿ ಸಾಂಕ್ರಾಮಿಕ ರೋಗ’ ಎಂದರೇನೆಂದು ನಿರೂಪಿಸಲಿಲ್ಲ. ಸರ್ಕಾರಕ್ಕೆ ವಿಶೇಷ ಅಧಿಕಾರವನ್ನೂ ಅದರಂತೆ ನಡೆದವರಿಗೆ ರಕ್ಷಣೆಯನ್ನೂ ಮಾತ್ರ ನೀಡಿತು. ಅರ್ಥನಿರ್ಣಯ ಆಳುವವರಿಗೇ ಸೇರಿತ್ತು.

2005ರ ಜುಲೈ 26ರಂದು ಸಾಂತಾಕ್ರೂಜದಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಮಿಠಿ ನದಿ ಉಕ್ಕಿ ಕುರ್ಲಾ, ಕಲೀನಾ ಮೊದಲಾದ ಪ್ರದೇಶಗಳು ಜಲಾವೃತವಾದವು. ಗುಜರಾತಿನ ಭೂಕಂಪ ಹಾಗೂ ಸುನಾಮಿಗಳ ಅನುಭವವೂ ಹಿನ್ನೆಲೆಯಲ್ಲಿದ್ದು, ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ವಿಪತ್ತು ನಿರ್ವಹಣಾ ಕಾಯಿದೆಯನ್ನು ಅಂಗೀಕರಿಸಿತು. ಅದರ ನಿರೂಪಣೆಯಲ್ಲಿ ಮೂರು ಅಂಶಗಳಿವೆ. ಕಾರಣವು ನೈಸರ್ಗಿಕವಾಗಿರಬಹುದು, ಮಾನವಕೃತವಾಗಿರಬಹುದು, ಅಪಘಾತ ಅಥವಾ ನಿರ್ಲಕ್ಷ್ಯದಿಂದಲೂ ಒದಗಬಹುದು. ಜೀವ, ಸ್ವತ್ತು ಅಥವಾ ಪರಿಸರಕ್ಕೆ ಗಣನೀಯ ಹಾನಿಯಾಗಿರಬೇಕು. ಅದು ಬಾಧಿತ ಸಮುದಾಯದ ನಿಭಾಯಿಸುವ ಸಾಮರ್ಥ್ಯವನ್ನು ಮೀರಿರಬೇಕು.

ಸಂವಿಧಾನದ 352ನೆಯ ವಿಧಿಯ ‘ತುರ್ತು ಪರಿಸ್ಥಿತಿ’ ಇದಕ್ಕಿಂತ ಭಿನ್ನವಾದುದು. ಯುದ್ಧ, ಬಾಹ್ಯ ಆಕ್ರಮಣ, ಸಶಸ್ತ್ರ ಬಂಡಾಯಗಳಷ್ಟೇ ಅದಕ್ಕೆ ಆಧಾರ. 1978ರ ತಿದ್ದುಪಡಿಯವರೆಗೆ ಕೊನೆಯದರ ಸ್ಥಾನದಲ್ಲಿ ‘ಆಂತರಿಕ ಕ್ಷೋಭೆ’ ಎಂಬ ಸಡಿಲವಾದ ಪದವಿತ್ತು. 1975ರ ಘೋಷಣೆ ನಿಂತದ್ದು ಆ ಪದದ ಮೇಲೆಯೇ.

ವಿಪತ್ತಿನ ನಿರೂಪಣೆ ವಿಶಾಲವಾಗಿದ್ದರೂ ಪರಿಹಾರನಿಧಿಯ ಬಳಕೆ ಪ್ರತ್ಯೇಕ ಪಟ್ಟಿಯೊಂದನ್ನು ಅವಲಂಬಿಸಿದೆ. 2015ರ ಕೇಂದ್ರದ ಪಟ್ಟಿಯಲ್ಲಿ ನೆರೆ, ಬರ, ಭೂಕುಸಿತ, ಬೆಂಕಿ ಮೊದಲಾದ ಹನ್ನೆರಡು ವಿಪತ್ತುಗಳಿದ್ದವು. ಕಟ್ಟಡ ಕುಸಿತ ಇರಲಿಲ್ಲ. 2017ರ ಆಗಸ್ಟ್ 31ರಂದು ಭೇಂಡಿ ಬಜಾರಿನಲ್ಲಿ ಹಳೆಯ ಕಟ್ಟಡವೊಂದು ಕುಸಿದು ಮೂವತ್ತಕ್ಕೂ ಹೆಚ್ಚು ಜನ ಮಡಿದರು. ನಿರೂಪಣೆಯ ಮಾತುಗಳು ಇಂಥ ದುರಂತವನ್ನು ಒಳಗೊಳ್ಳಬಲ್ಲವು, ಪಟ್ಟಿ ಒಳಗೊಂಡಿರಲಿಲ್ಲ. ಸ್ಥಳೀಯ ವಿಪತ್ತುಗಳಿಗಾಗಿ ರಾಜ್ಯಗಳು ನಿಧಿಯ ಶೇಕಡಾ 10ರಷ್ಟನ್ನು ಬಳಸಬಹುದೆಂಬುದೇ ಉಳಿದ ದಾರಿ. 2020ರ ಮಾರ್ಚಿನಲ್ಲಾದರೋ ಕೋವಿಡನ್ನು ಅಧಿಸೂಚಿತ ವಿಪತ್ತೆಂದು ಪರಿಗಣಿಸಲಾಯಿತು. ಪಟ್ಟಿಯ ಮೇರೆಗಳು ಆಡಳಿತದ ನಿರ್ಧಾರಗಳೆಂಬುದು ಇದರಿಂದ ವಿದಿತವಾಗುತ್ತದೆ.

‘ನಿಭಾಯಿಸುವ ಸಾಮರ್ಥ್ಯ’ ಎಂಬ ಮಾತು ಇಲ್ಲಿ ಬಹುಮುಖ್ಯವಾದುದು. ಮಲಬಾರ್ ಹಿಲ್‌ನ ಬಂಗಲೆಗೆ ಕೇವಲ ಅನಾನುಕೂಲವಾದ ಮಳೆ, ಮಿಠಿ ದಂಡೆಯ ಗುಡಿಸಲಿಗೆ ವಿಪತ್ತು. ಕಾಯಿದೆಯ ನಿರೂಪಣೆ ಈ ವ್ಯತ್ಯಾಸವನ್ನು ಗುರುತಿಸಬಲ್ಲುದು. ಪಟ್ಟಿಯೂ ಅದನ್ನು ಅನುಸರಿಸಿದಾಗ ಮಾತ್ರ ಕಾನೂನಿನ ವಿಪತ್ತಿಗೂ ಜನರ ವಿಪತ್ತಿಗೂ ಇರುವ ಅಂತರ ಕಿರಿದಾದೀತು.