ಪಂಚಾಯಿತಿ ಮನೆ ಯಾರಿಗೆ? – ಫಲಾನುಭವಿಗಳ ಆಯ್ಕೆ ನಡೆಯುವ ಬಗೆ

ಬೇಸಾಯದ ವಿಷಯ ತಿಳಿಸಲು ಹಳ್ಳಿಗಳಿಗೆ ಹೋದಾಗ ರೈತ ಬಾಂಧವರು ಬಿತ್ತನೆ, ಗೊಬ್ಬರಗಳ ಮಾತು ಮುಗಿದ ಮೇಲೆ ಕೇಳುವ ಇನ್ನೊಂದು ಪ್ರಶ್ನೆಯಿದೆ. "ಊರಲ್ಲಿ ಹತ್ತು ಜನಕ್ಕೆ ಮನೆ ಬಂತು, ನಮಗೇಕೆ ಬರಲಿಲ್ಲ?" ಎಂಬುದೇ ಆ ಪ್ರಶ್ನೆ. ಇದು ಬೇಸಾಯಕ್ಕೆ ಹೊರಗಿನ ವಿಷಯವೆಂದು ತಳ್ಳಿಹಾಕುವಂತಿಲ್ಲ. ಸೋರುವ ಸೂರಿನಡಿ ಇಟ್ಟ ರಾಗಿಗೆ ಬೂಷ್ಟು ಹಿಡಿಯುತ್ತದೆ, ಬಿತ್ತನೆ ಬೀಜದ ಮೊಳಕೆಯ ಶಕ್ತಿ ಕುಂದುತ್ತದೆ, ಮಕ್ಕಳು ಕಾಯಿಲೆ ಬೀಳುತ್ತಾರೆ. ಆದುದರಿಂದ ಮನೆಗಳಿಗೆ ಫಲಾನುಭವಿಗಳನ್ನು ಹೇಗೆ ಆರಿಸುತ್ತಾರೆ ಎಂಬುದನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಅವಶ್ಯಕ.

ಹಿನ್ನೆಲೆ

ನಮ್ಮ ರಾಜ್ಯದಲ್ಲಿ ದೇವರಾಜ ಅರಸು ಅವರ ಕಾಲದಲ್ಲಿ, ಅಂದರೆ 1970ರ ದಶಕದಲ್ಲಿ, ನಿವೇಶನ ಹಂಚಿಕೆ ಮತ್ತು ಜನತಾ ಮನೆಗಳು ಹಳ್ಳಿಹಳ್ಳಿಗೂ ಬಂದವು. 1985ರಲ್ಲಿ ಕೇಂದ್ರದ ಇಂದಿರಾ ಆವಾಸ್ ಯೋಜನೆಯೂ, 1991-92ರಲ್ಲಿ ರಾಜ್ಯದ ಆಶ್ರಯ ಯೋಜನೆಯೂ ಆರಂಭವಾದವು. ಈ ಕೆಲಸಗಳ ಉಸ್ತುವಾರಿಗಾಗಿ 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. ರಾಜ್ಯದ ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆಗಳು ಈ ನಿಗಮದ ಮೂಲಕ ನಡೆಯುತ್ತವೆ. ಇಂದಿರಾ ಆವಾಸ್ ಯೋಜನೆಯ ಬದಲಾಗಿ 2016ರಲ್ಲಿ ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಬಂದಿತು. ಇದರಲ್ಲಿ ಬಯಲು ಸೀಮೆಯ ಮನೆಯೊಂದಕ್ಕೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು 60:40ರ ಪ್ರಮಾಣದಲ್ಲಿ ಭರಿಸುವ 1,20,000 ರೂಪಾಯಿ ಸಹಾಯಧನವಿದೆ. ಮನೆಯ ವಿಸ್ತೀರ್ಣ ಕನಿಷ್ಠ 25 ಚದರ ಮೀಟರ್ ಇರಬೇಕು.

ಮೊದಲು ನೋಡಬೇಕಾದುದು: ನಿಮ್ಮದು ಹಳ್ಳಿಯೋ, ನಗರವೋ?

ಬೆಂಗಳೂರಿನ ಉತ್ತರ ಭಾಗದವರಿಗೆ ಇದು ಮುಖ್ಯವಾದ ಪ್ರಶ್ನೆ. ಯಲಹಂಕ ಮತ್ತು ಬ್ಯಾಟರಾಯನಪುರ ನಗರಸಭೆಗಳು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದವು. 2025ರಲ್ಲಿ ಆ ಪಾಲಿಕೆಯ ಬದಲಾಗಿ ಐದು ನಗರ ಪಾಲಿಕೆಗಳು ರಚನೆಯಾದವು. ಹೀಗಾಗಿ ಒಂದೇ ರಸ್ತೆಯ ಈಚೆ ಬದಿಯವರು ಪಾಲಿಕೆಗೂ, ಆಚೆ ಬದಿಯವರು ಪಂಚಾಯಿತಿಗೂ ಸೇರಿರುವುದುಂಟು. ಪಾಲಿಕೆಯ ಗಡಿಯೊಳಗೆ ಗ್ರಾಮಸಭೆ ಇರುವುದಿಲ್ಲ. ಅಲ್ಲಿನವರು ನಗರ ವಸತಿ ಯೋಜನೆಗಳಿಗೆ, ಮುಖ್ಯವಾಗಿ ವಸತಿ ನಿಗಮದ ಒಂದು ಲಕ್ಷ ಬಹುಮಹಡಿ ವಸತಿ ಯೋಜನೆಗೆ, ಅರ್ಜಿ ಹಾಕಿಕೊಳ್ಳಬೇಕಾಗುತ್ತದೆ. ಅದು ಬೇರೆಯೇ ವಿಚಾರ. ಹೆಸರಘಟ್ಟ, ಜಾಲ ಹೋಬಳಿಗಳ ಕಡೆ ಪಂಚಾಯಿತಿಗೆ ಸೇರಿದ ಹಳ್ಳಿಗಳವರಿಗೆ ಮಾತ್ರ ಮುಂದೆ ಹೇಳುವ ಕ್ರಮ ಅನ್ವಯಿಸುತ್ತದೆ.

ಪಟ್ಟಿ ತಯಾರಾಗುವ ಕ್ರಮ

ಮನೆ ಕೊಡುವವರು ಪಂಚಾಯಿತಿ ಅಧ್ಯಕ್ಷರು ಅಥವಾ ಸದಸ್ಯರು ಎಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು ತಿಳಿವಳಿಕೆ. ನಿಯಮದ ಪ್ರಕಾರ ಫಲಾನುಭವಿಗಳನ್ನು ಒಪ್ಪುವ ಸ್ಥಳ ಗ್ರಾಮಸಭೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಮೇರೆಗೆ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಸೇರತಕ್ಕದ್ದು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು.

ಕೇಂದ್ರದ ಯೋಜನೆಗೆ 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯೇ ಮೊದಲ ಆಧಾರವಾಗಿತ್ತು. ಅದರಲ್ಲಿ ಬಿಟ್ಟುಹೋದವರಿಗಾಗಿ 2018ರಲ್ಲಿ ಆವಾಸ್ ಪ್ಲಸ್ ಸಮೀಕ್ಷೆ ಆರಂಭವಾಯಿತು. ಯೋಜನೆಯನ್ನು 2028-29ರವರೆಗೆ ಮುಂದುವರಿಸಿದ ಮೇಲೆ ಹೊಸ ಸಮೀಕ್ಷೆಯೂ ನಡೆಯಿತು. ಪಟ್ಟಿಯ ಸರದಿ ಹೀಗಿರುತ್ತದೆ: ಸೂರೇ ಇಲ್ಲದವರು, ಭಿಕ್ಷೆಯಿಂದ ಬದುಕುವವರು, ಜೀತವಿಮುಕ್ತರು ಮೊದಲಾದವರಿಗೆ ಪ್ರಥಮ ಸ್ಥಾನ. ಅನಂತರ ಕಚ್ಚಾ ಗೋಡೆ ಮತ್ತು ಕಚ್ಚಾ ಚಾವಣಿಯ ಒಂದು ಕೋಣೆಯವರು, ಆಮೇಲೆ ಅಂಥದೇ ಎರಡು ಕೋಣೆಯವರು. ಒಂದೇ ಗುಂಪಿನೊಳಗೆ ದುಡಿಯುವ ವಯಸ್ಸಿನ ಗಂಡಸರಿಲ್ಲದೆ ಹೆಂಗಸೇ ನಡೆಸುವ ಕುಟುಂಬ, ಅಂಗವಿಕಲರಿದ್ದು ದುಡಿಯಬಲ್ಲ ಬೇರೆ ವಯಸ್ಕರಿಲ್ಲದ ಕುಟುಂಬ, ಕೂಲಿಯಿಂದಲೇ ಜೀವಿಸುವ ಭೂರಹಿತರು ಮುಂತಾದವರಿಗೆ ಹೆಚ್ಚಿನ ಅಂಕ ದೊರೆಯುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಗುರಿಯ ಶೇಕಡ 60ರಷ್ಟನ್ನು ಕಾದಿರಿಸಲಾಗಿದೆ. ಹೀಗೆ ಬಂದ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ, ಅನರ್ಹರನ್ನು ತೆಗೆದು, ತೀರ್ಮಾನ ಬರೆಯಬೇಕು.

ಯಾರ ಹೆಸರು ಬಿದ್ದುಹೋಗುತ್ತದೆ?

ರೈತರು ವಿಶೇಷವಾಗಿ ಗಮನಿಸಬೇಕಾದುದು ಈ ಭಾಗ. 2024ರಲ್ಲಿ ಸಡಿಲಿಸಿದ ನಿಯಮಗಳಂತೆ ಈ ಕೆಳಕಂಡವರು ಕೇಂದ್ರದ ಯೋಜನೆಗೆ ಅರ್ಹರಲ್ಲ:

1. ಮೂರು ಅಥವಾ ನಾಲ್ಕು ಚಕ್ರದ ಮೋಟಾರು ವಾಹನ, ಇಲ್ಲವೆ ಟ್ರ್ಯಾಕ್ಟರಿನಂತಹ ಯಂತ್ರ ಹೊಂದಿರುವವರು.
2. 50,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್ ಇರುವವರು.
3. ಎರಡೂವರೆ ಎಕರೆ ಅಥವಾ ಹೆಚ್ಚು ನೀರಾವರಿ ಜಮೀನು, ಇಲ್ಲವೆ 5 ಎಕರೆ ಅಥವಾ ಹೆಚ್ಚು ಖುಷ್ಕಿ ಜಮೀನು ಉಳ್ಳವರು.
4. ಕುಟುಂಬದಲ್ಲಿ ಯಾರಾದರೂ ತಿಂಗಳಿಗೆ 15,000 ರೂಪಾಯಿಗಿಂತ ಹೆಚ್ಚು ಗಳಿಸುವವರು.
5. ಸರ್ಕಾರಿ ನೌಕರರು, ಆದಾಯ ತೆರಿಗೆ ಅಥವಾ ವೃತ್ತಿ ತೆರಿಗೆ ಕಟ್ಟುವವರು, ನೋಂದಾಯಿತ ಕೃಷಿಯೇತರ ಉದ್ದಿಮೆ ಇರುವವರು.

ಮೊದಲು ದ್ವಿಚಕ್ರ ವಾಹನ, ಫ್ರಿಜ್ ಇದ್ದವರೂ ಹೊರಗಾಗುತ್ತಿದ್ದರು. ಈಗ ಆ ನಿರ್ಬಂಧವಿಲ್ಲ. ಆದರೆ ಕ್ರೆಡಿಟ್ ಕಾರ್ಡಿನ ವಿಷಯದಲ್ಲಿ ಎಚ್ಚರ ಅಗತ್ಯ. ಇಲ್ಲಿ ಲೆಕ್ಕಕ್ಕೆ ಬರುವುದು ಬಾಕಿ ಇರುವ ಸಾಲವಲ್ಲ, ಕಾರ್ಡಿನ ಮಿತಿ. ಸ್ವಲ್ಪ ಜಾಗದಲ್ಲಿ ತರಕಾರಿ ಬೆಳೆಯುವ ಬಡ ರೈತನೂ ಈ ಮಿತಿಯನ್ನು ಸುಲಭವಾಗಿ ಮುಟ್ಟುತ್ತಾನೆ. ಇದು ಸಣ್ಣ ಹಿಡುವಳಿದಾರರಿಗೆ ಕಷ್ಟವುಂಟುಮಾಡುವ ನಿಯಮವೆಂಬುದರಲ್ಲಿ ಸಂಶಯವಿಲ್ಲ. ಆದರೂ ವಿಷಯ ಮುಚ್ಚಿಟ್ಟು ಮನೆ ಪಡೆಯಲೆತ್ನಿಸುವುದು ಸಲ್ಲದು. ಅಂಥವರು ರಾಜ್ಯದ ಯೋಜನೆಗಳಲ್ಲಿ ಅವಕಾಶವಿದೆಯೇ ಎಂದು ವಿಚಾರಿಸಬೇಕು.

ಒಂದು ಉದಾಹರಣೆ

ದೊಡ್ಡಬಳ್ಳಾಪುರ ರಸ್ತೆಯ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ರಾಗಿ ಪ್ರಾತ್ಯಕ್ಷಿಕೆಯ ತಾಕಿಗೆ ಕಳೆ ತೆಗೆಯಲು ಬರುತ್ತಿದ್ದ ವಿಧವೆಯೊಬ್ಬರಿದ್ದಾರೆ. ಇಬ್ಬರು ಚಿಕ್ಕ ಮಕ್ಕಳು, ಮಣ್ಣಿನ ಗೋಡೆಯ ಒಂದೇ ಕೋಣೆ. ಆದರೂ ಅವರ ಹೆಸರು ಬಿದ್ದುಹೋಯಿತು. "6 ಎಕರೆ ಖುಷ್ಕಿ ಜಮೀನಿದೆ" ಎಂಬುದು ಕಾರಣ. ಪಹಣಿ ತೆಗೆಸಿ ನೋಡಿದಾಗ ಆ 6 ಎಕರೆ ತೀರಿಹೋದ ಮಾವನ ಹೆಸರಿನಲ್ಲೇ ಇತ್ತು. ನಾಲ್ವರು ಗಂಡು ಮಕ್ಕಳು ಬೇರೆಬೇರೆ ಒಲೆ ಹೂಡಿ ವರ್ಷಗಳಾಗಿದ್ದವು. ಅವರು ಉಳುತ್ತಿದ್ದುದು ಗಂಡನ ಪಾಲಿನ ಒಂದೂವರೆ ಎಕರೆ ಮಾತ್ರ. ಪಟ್ಟಿ ಓದಿದ ದಿನ ಅವರು ರಾಗಿ ಕೊಯ್ಲಿನ ಕೂಲಿಗೆ ಹೋಗಿದ್ದರು. ಸಭೆಯಲ್ಲಿ ಅವರ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ. ಆಮೇಲೆ ವಂಶವೃಕ್ಷ, ಪಹಣಿ, ಪ್ರತ್ಯೇಕ ಪಡಿತರ ಚೀಟಿಗಳ ಪ್ರತಿಗಳೊಡನೆ ಲಿಖಿತ ಅರ್ಜಿ ಕೊಟ್ಟು, ಮುಂದಿನ ಗ್ರಾಮಸಭೆಯಲ್ಲಿ ತಾವೇ ಎದ್ದು ನಿಂತು ಹೇಳಿದರು. ಸಭೆ ಒಪ್ಪಿ ಅವರ ಹೆಸರನ್ನು ಮೇಲಕ್ಕೆ ಶಿಫಾರಸು ಮಾಡಿತು. ಮನೆ ಇನ್ನೂ ಬಂದಿಲ್ಲ. ನಡುವೆ ಒಂದು ಮಳೆಗಾಲವನ್ನು ಅದೇ ಕೋಣೆಯಲ್ಲಿ ಕಳೆದದ್ದಾಯಿತು. ಒಂದು ದಿನದ ಕೂಲಿ ಬಿಟ್ಟಿದ್ದರೆ ಇದು ತಪ್ಪುತ್ತಿತ್ತೆಂದು ಹೇಳುವುದು ಸುಲಭ; ಆದರೆ ಕೊಯ್ಲಿನ ಕಾಲದ ಕೂಲಿ ಬಿಡುವುದು ಅಂಥವರಿಗೆ ಎಷ್ಟು ಕಷ್ಟವೆಂಬುದು ರೈತರಿಗೆ ಗೊತ್ತೇ ಇದೆ. ಆದುದರಿಂದ ನೆರೆಯವರಾದರೂ ಅಂದು ದನಿಯೆತ್ತಬೇಕು.

ಅನುಸರಿಸಬೇಕಾದ ಕ್ರಮಗಳು

1. ಹಿರಿಯರು ತೀರಿಕೊಂಡಿದ್ದರೆ ತಡಮಾಡದೆ ಪೌತಿ ಖಾತೆ ಮಾಡಿಸಿಕೊಳ್ಳಿ. ಪಾಲಾಗಿದ್ದರೆ ಪಹಣಿಯಲ್ಲಿ ಅದು ಕಾಣುವಂತೆ ನೋಡಿಕೊಳ್ಳಿ.
2. ಮನೆ ಕಟ್ಟುವ ನಿವೇಶನದ ದಾಖಲೆ ಸರಿಯಾಗಿರಬೇಕು. ನಿವೇಶನವಿಲ್ಲದವರು ಮೊದಲು ನಿವೇಶನಕ್ಕೆ ಅರ್ಜಿ ಕೊಡಬೇಕು. ರಾಜ್ಯದ ಯೋಜನೆಗಳಲ್ಲಿ ಸಾಮಾನ್ಯವಾಗಿ ಮನೆಯೊಡತಿಯ ಹೆಸರಿಗೇ ಮನೆ ಮಂಜೂರಾಗುವುದರಿಂದ ಆಕೆಯ ಆಧಾರ್, ಬ್ಯಾಂಕ್ ಖಾತೆ, ಪಡಿತರ ಚೀಟಿಗಳಲ್ಲಿ ಹೆಸರು ಒಂದೇ ರೀತಿ ಇರಲಿ.
3. ಜಾತಿ ಮತ್ತು ವರಮಾನ ಪತ್ರಗಳನ್ನು ಮುಂಚೆಯೇ ಮಾಡಿಸಿಡಿ.
4. ವಾರ್ಡ್ ಸಭೆ, ಗ್ರಾಮಸಭೆಗಳ ದಿನಾಂಕವನ್ನು ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಿ ತಪ್ಪದೆ ಹಾಜರಾಗಿ. ನಿಮ್ಮ ಹೆಸರು ಪಟ್ಟಿಯಲ್ಲಿ ಎಷ್ಟನೆಯದು, ಬಿಟ್ಟಿದ್ದರೆ ಕಾರಣವೇನು ಎಂದು ಕೇಳಿ, ಉತ್ತರ ನಡಾವಳಿಯಲ್ಲಿ ದಾಖಲಾಗುವಂತೆ ಮಾಡಿ.
5. ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ ಪರಿಹಾರ ಸಿಗದಿದ್ದರೆ ಮೇಲ್ಮನವಿಗೆ ಅವಕಾಶವಿದೆ.
6. ಹೆಸರು ಸೇರಿಸುತ್ತೇವೆಂದು ಹಣ ಕೇಳುವವರನ್ನು ನಂಬಬೇಡಿ.
7. ಮಂಜೂರಾದ ಕೂಡಲೆ ಕೆಲಸ ಆರಂಭಿಸಿ. ತಳಪಾಯದಿಂದ ಚಾವಣಿಯವರೆಗೆ ಒಂದೊಂದು ಹಂತ ಮುಗಿದು, ಸ್ಥಳದಲ್ಲೇ ಛಾಯಾಚಿತ್ರ ತೆಗೆದ ಮೇಲೆ ಮಾತ್ರ ಕಂತಿನ ಹಣ ಖಾತೆಗೆ ಬರುತ್ತದೆ.

ಹದ ತಪ್ಪಿದ ಮೇಲೆ ಬಿತ್ತಿದ ಬೀಜ ಫಲ ಕೊಡದು. ಮನೆಯ ಪಟ್ಟಿಯೂ ಹಾಗೆಯೇ. ಹಣ ಬರುವುದಕ್ಕೆ ಎಷ್ಟೋ ತಿಂಗಳು ಮೊದಲೇ ಹೆಸರುಗಳು ತೀರ್ಮಾನವಾಗಿರುತ್ತವೆ. ರೈತ ಬಾಂಧವರು, ಅದರಲ್ಲೂ ಹೆಣ್ಣುಮಕ್ಕಳು, ಆ ದಿನ ಸಭೆಯಲ್ಲಿ ಹಾಜರಿದ್ದು ತಮ್ಮ ಹಾಗೂ ತಮಗಿಂತ ಬಡವರಾದ ನೆರೆಯವರ ಹಕ್ಕನ್ನು ಕಾಪಾಡಿಕೊಳ್ಳಬೇಕು. ಹೆಚ್ಚಿನ ವಿವರಗಳಿಗೆ ನಿಮ್ಮ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯನ್ನು ಅಥವಾ ತಾಲ್ಲೂಕು ಪಂಚಾಯಿತಿ ಕಚೇರಿಯನ್ನು ಸಂಪರ್ಕಿಸಬಹುದು.